ಚೊಂಬಿನ ತಳ, ಹೂವಿನ ಮೊಳ

ಚಿತ್ರಕಲೆ ಓದಲು ಮೈಸೂರಿಗೆ ಬಂದ ಮೇಲೆ ಮೊದಲು ಕಲಿತದ್ದು ಹಿತ್ತಾಳೆ ಚೊಂಬು ಬರೆಯುವುದನ್ನು. ಮೇಜಿನ ಮೇಲೆ ಒಂದು ಚೊಂಬು, ಹಿಂದೆ ಮಡಿಕೆ ಬಿದ್ದ ಬಟ್ಟೆ, ಪಕ್ಕದಲ್ಲಿ ಈರುಳ್ಳಿ. ಸ್ಟಿಲ್ ಲೈಫ್ ತರಗತಿಯಲ್ಲಿ ವಾರಗಟ್ಟಲೆ ಇದೇ. ಮೇಷ್ಟ್ರು ಹೇಳುತ್ತಿದ್ದುದೂ ಒಂದೇ ಮಾತು: "ನಿಂಗೆ ಗೊತ್ತಿರೋ ಚೊಂಬು ಬರೀಬೇಡ, ಎದುರಿಗಿರೋದನ್ನ ಬರಿ."

ಈ ಎರಡು ಚೊಂಬುಗಳ ನಡುವೆ ಎಷ್ಟು ಅಂತರವಿದೆ ಎಂಬುದು ತಳ ಬರೆಯುವಾಗ ತಿಳಿಯುತ್ತದೆ. ಚೊಂಬು ಮೇಜಿನ ಮೇಲೆ ಅಲುಗದೆ ಕೂತಿದೆ ಎಂದು ಬುದ್ಧಿಗೆ ಗೊತ್ತು. ಹಾಗಾಗಿ ಕೈ ತಳವನ್ನು ನೇರ ಗೆರೆಯಾಗಿ ಎಳೆದುಬಿಡುತ್ತದೆ. ಬಾಯಿ ದುಂಡಗಿದೆ ಎಂದೂ ಗೊತ್ತು. ಅದನ್ನು ಬೇಕಾದ್ದಕ್ಕಿಂತ ಹೆಚ್ಚು ತೆರೆಯುತ್ತದೆ. ಕಣ್ಣಿಗೆ ಕಾಣುವುದು ತಿರುಗುಮುರುಗು. ನಮ್ಮ ಕಣ್ಣಿನ ಮಟ್ಟಕ್ಕೆ ಹತ್ತಿರವಿರುವ ಬಾಯಿ ಚಪ್ಪಟೆಯಾದ ದೀರ್ಘವೃತ್ತ. ಇನ್ನೂ ಕೆಳಗಿರುವ ತಳದ ಬಾಗು ಅದಕ್ಕಿಂತ ದುಂಡು. ಹಿತ್ತಾಳೆಯ ಹೊಳಪೂ ಹೀಗೆಯೇ. ಬರೀ ಬಿಳಿ ಬಿಟ್ಟರೆ ಹೊಳಪು ಬರುವುದಿಲ್ಲ. ಆ ಬಿಳಿಗೆ ತಾಗಿಕೊಂಡೇ ಚಿತ್ರದ ಅತಿ ಗಾಢವಾದ ಕಪ್ಪು ಬಂದಾಗ ಲೋಹ ಮಿನುಗುತ್ತದೆ. ಕಣ್ಣು ಕಿರಿದುಮಾಡಿ ನೋಡಿದರೆ ಸಣ್ಣಪುಟ್ಟ ವಿವರಗಳೆಲ್ಲ ಕರಗಿ, ಕತ್ತಲೆ ಬೆಳಕಿನ ದೊಡ್ಡ ಭಾಗಗಳಷ್ಟೇ ಉಳಿಯುತ್ತವೆ. ಮೊದಲು ಅವನ್ನು ಹಾಕಿಕೊಂಡರೆ ಮುಂದಿನದು ಸಲೀಸು.

ಅಭ್ಯಾಸವೆಂದರೆ ರಾಶಿ ರಾಶಿ ಬರೆಯುವುದು ಎಂದು ಬಹಳ ಜನ ತಿಳಿದಿದ್ದಾರೆ. ಬಂದದ್ದನ್ನೇ ಮತ್ತೆ ಮತ್ತೆ ಬರೆದರೆ ಕೈಗೆ ವೇಗ ಬರುತ್ತದೆ, ಕಣ್ಣಿಗೆ ಏನೂ ದಕ್ಕುವುದಿಲ್ಲ. ಗ್ರಿಡ್ ಹಾಕಿ, ಫೋಟೋ ನೋಡಿ, ಸಿನಿಮಾ ನಟರ ಮುಖವನ್ನು ತದ್ರೂಪು ಇಳಿಸುವ ಹುಡುಗ ಹುಡುಗಿಯರು ಪ್ರತಿ ಊರಿನಲ್ಲೂ ಇದ್ದಾರೆ. ಅವರ ತಾಳ್ಮೆಯ ಬಗ್ಗೆ ನನಗೆ ಗೌರವವಿದೆ. ಆದರೆ ಉಬ್ಬು ತಗ್ಗು ದೂರಗಳನ್ನೆಲ್ಲ ಚಪ್ಪಟೆ ಹಾಳೆಗೆ ಇಳಿಸುವುದೇ ಚಿತ್ರಕಾರನ ಅತಿ ಕಷ್ಟದ ಕೆಲಸ, ಅದನ್ನು ಕ್ಯಾಮೆರಾ ಮೊದಲೇ ಮುಗಿಸಿ ಕೊಟ್ಟಿರುತ್ತದೆ. ಆ ಕೆಲಸವನ್ನು ನಾವೇ ಕಲಿಯಬೇಕೆಂದರೆ ಎದುರಿಗೆ ಉಸಿರಾಡುವ, ಅಲುಗಾಡುವ ಮನುಷ್ಯರು ಬೇಕು.

ನನಗೆ ಅಂಥವರು ಸಿಕ್ಕಿದ್ದು ದೇವರಾಜ ಮಾರುಕಟ್ಟೆಯಲ್ಲಿ. ವ್ಯಾಪಾರದ ಹೊತ್ತಿನಲ್ಲಿ ನಮಗಾಗಿ ಯಾರೂ ಕದಲದೆ ಕೂರುವುದಿಲ್ಲ. ಆದರೆ ಗಮನಿಸುತ್ತಾ ಹೋದರೆ ಒಂದು ಸಂಗತಿ ತಿಳಿಯುತ್ತದೆ: ಕೆಲಸ ಮಾಡುವವರ ಮೈ ಅದೇ ಭಂಗಿಗೆ ಮರಳಿ ಮರಳಿ ಬರುತ್ತದೆ. ಹೂವಿನವರು ಮಾಲೆಯನ್ನು ಮೊಳ ಹಾಕುವಾಗ ಮುಂಗೈ ಚಾಚುತ್ತಾರೆ, ಮೊಣಕೈಯಿಂದ ಬೆರಳ ತುದಿಯವರೆಗೆ ಮಾಲೆ ಎಳೆಯುತ್ತಾರೆ, ಆಗ ಒಂದು ಭುಜ ತುಸು ಮೇಲೇರುತ್ತದೆ. ಮುಂದಿನ ಗಿರಾಕಿ ಬಂದಾಗಲೂ ಅದೇ ಭುಜ, ಅದೇ ಓರೆ. ಹಾಗಾಗಿ ಒಂದೇ ಹಾಳೆಯಲ್ಲಿ ನಾಲ್ಕೈದು ಭಂಗಿಗಳನ್ನು ಶುರುಮಾಡಿ, ಯಾವುದು ಮರಳಿ ಬರುತ್ತದೋ ಅದಕ್ಕೆ ಎರಡು ಗೆರೆ ಸೇರಿಸುತ್ತಾ ಹೋಗುವುದನ್ನು ರೂಢಿಸಿಕೊಂಡೆ. ಮೊದಲು ಬೆನ್ನಿನ ಬಾಗು, ಆಮೇಲೆ ಮೈಯ ಭಾರ ಎತ್ತ ವಾಲಿದೆ ಎಂಬುದು. ಕಣ್ಣು ಮೂಗು ಕೊನೆಗೆ, ಇಲ್ಲದಿದ್ದರೂ ನಡೆಯುತ್ತದೆ.

"ಏನ್ ಮಗಾ, ನನ್ನೇ ಬರೀತಿದ್ದೀಯಾ?" ಎಂದು ಒಬ್ಬ ಅಜ್ಜಿ ಕೇಳಿದರು. "ಹೂಂ ಅಜ್ಜಿ" ಎಂದೆ. ಪುಸ್ತಕ ಇಸಕೊಂಡು ನೋಡಿ, "ಕೈಯೇನೋ ನಂದೇ. ದಾರ ಹಿಡಿಯೋದು ಹಿಂಗೆ, ನೋಡು" ಎಂದು ನಿಧಾನವಾಗಿ ಕಟ್ಟಿ ತೋರಿಸಿದರು. ಯಾವ ಬೆರಳು ತೊಟ್ಟುಗಳನ್ನು ಒತ್ತಿ ಹಿಡಿಯುತ್ತದೆ, ಯಾವುದು ಕುಣಿಕೆ ಹಾಕಿ ಬಿಗಿಯುತ್ತದೆ ಎಂದು ತಿಳಿದ ಮೇಲೆ ಆ ಕೈಯ ಗಂಟುಗಳೂ ನರಗಳೂ ತಾವಾಗಿ ತಮ್ಮ ಜಾಗಕ್ಕೆ ಬಂದವು. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಲಯವನ್ನು ಅರಿಯಲೆಂದೇ ಕಥಕ್ ಕಲಿತವರು. ಅವರ ರೇಖಾಚಿತ್ರಗಳಲ್ಲಿ ಕುಣಿಯುವವರ ಕಾಲು ಅಷ್ಟು ಹಗುರವಾಗಿ ಏಳುವುದು ಯಾಕೆ ಎಂಬುದು ಹೂವಿನ ಸಾಲಿನಲ್ಲಿ ಕೂತಾಗ ನನಗೆ ಅರ್ಥವಾಯಿತು. ಬರೆಯುವ ಕೆಲಸವನ್ನು ಮೈ ಒಂದಿಷ್ಟಾದರೂ ಬಲ್ಲುದಾಗಿರಬೇಕು.

ಅಳತೆಯ ಮಾತು. ವಯಸ್ಕರ ಎತ್ತರ ತಲೆಯ ಏಳೂವರೆ ಪಟ್ಟು, ಕಣ್ಣುಗಳಿರುವುದು ತಲೆಯ ನಟ್ಟನಡುವೆ ಎಂದು ಪುಸ್ತಕಗಳು ಹೇಳುತ್ತವೆ. ಕಣ್ಣಿನ ಲೆಕ್ಕ ನೆನಪಿಡಲೇಬೇಕಾದದ್ದು, ಯಾಕೆಂದರೆ ಹೊಸಬರ ಕೈ ಕಣ್ಣನ್ನು ಸದಾ ಹಣೆಯತ್ತ ಏರಿಸುತ್ತದೆ. ಆದರೆ ಚಕ್ಕಳಮಕ್ಕಳ ಹಾಕಿ ಕೂತವರ ಮುಂದೆ ಏಳೂವರೆಯ ಲೆಕ್ಕ ನಿಲ್ಲುವುದಿಲ್ಲ. ನಮ್ಮತ್ತ ಚಾಚಿದ ಮಂಡಿ ಇಡೀ ತೊಡೆಯನ್ನು ಮರೆಮಾಡಿರುತ್ತದೆ. ಆಗ ತೋಳು ನೀಡಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲಿನಿಂದಲೇ ಅಳೆಯಬೇಕು. ಅದೂ ಸಾಲದಾದಾಗ ವಸ್ತುವನ್ನು ಬಿಟ್ಟು ಅದರ ಸುತ್ತಲಿನ ಖಾಲಿ ಜಾಗವನ್ನು ಬರೆಯಬೇಕು. ಗೋಡೆಗೆ ಒರಗಿಸಿದ ಸೈಕಲ್ಲನ್ನು ಹೀಗೆ ಬರೆದು ನೋಡಿ: ಚೌಕಟ್ಟಿನ ನಡುವಿನ ತ್ರಿಕೋನ, ಪೆಡಲಿಗೂ ನೆಲಕ್ಕೂ ನಡುವಿನ ಸಂದು, ಇವು ಸರಿಯಾದರೆ ಸೈಕಲ್ಲು ತಾನಾಗಿ ನಿಂತಿರುತ್ತದೆ.

ಜಲವರ್ಣಕ್ಕೆ ಮೈಸೂರಿನ ಹವೆಯೇ ಒಬ್ಬ ಗುರು. ಏಪ್ರಿಲ್ಲಿನಲ್ಲಿ ಆಕಾಶದ ವಾಶ್ ಅರ್ಧ ಎಳೆಯುವಷ್ಟರಲ್ಲಿ ಅಂಚು ಒಣಗಿ ಕಲೆಯಾಗುತ್ತದೆ; ಆಷಾಢದಲ್ಲಿ ಅದೇ ವಾಶ್ ಎಷ್ಟು ಹೊತ್ತಾದರೂ ಆರುವುದಿಲ್ಲ. ಕುಂಚದಲ್ಲಿ ಎಷ್ಟು ನೀರಿರಬೇಕು ಎಂಬುದನ್ನು ಯಾವ ಪುಸ್ತಕವೂ ಹೇಳಲಾರದು. ಒದ್ದೆಯಿದ್ದಾಗ ಸರಿಯೆನಿಸಿದ ಬಣ್ಣ ಒಣಗಿದ ಮೇಲೆ ಪೇಲವವಾಗುತ್ತದೆ, ಹಾಗಾಗಿ ಒಂದು ತುಂಡು ಕಾಗದ ಸದಾ ಪಕ್ಕದಲ್ಲಿರಲಿ. ಇನ್ನು ಬೆಳಕು ಹೇಗೆ ಬರುತ್ತದೆ ಎಂದು ನೋಡಬೇಕೆನ್ನುವವರು ಜಗನ್ಮೋಹನ ಅರಮನೆಯ ಕಲಾಶಾಲೆಗೆ ಹೋಗಬೇಕು. ದೀಪ ಹಿಡಿದು ನಿಂತ ಹೆಣ್ಣಿನ ಆ ಪ್ರಸಿದ್ಧ ಚಿತ್ರವನ್ನು ರವಿವರ್ಮನದೆಂದೇ ಎಷ್ಟೋ ಜನ ತಿಳಿದಿದ್ದಾರೆ. ರವಿವರ್ಮ 1906ರಲ್ಲೇ ತೀರಿಕೊಂಡಿದ್ದರು. ಇದು 1940ರ ದಶಕದಲ್ಲಿ ಎಸ್.ಎಲ್. ಹಲ್ದಣಕರ್ ಬರೆದದ್ದು, ಅದೂ ಜಲವರ್ಣದಲ್ಲಿ. ಅಡ್ಡ ಹಿಡಿದ ಕೈಯ ಬೆರಳುಗಳ ಮೂಲಕ ದೀಪದ ಕೆಂಪು ಹಾಯುವುದನ್ನು ನೋಡಿ. ಆ ಬೆಳಕಿಗೆ ಶಕ್ತಿ ಕೊಟ್ಟಿರುವುದು ಸುತ್ತಲಿನ ಕತ್ತಲೆ. ನಾನು ಹೊರಗೆ ಬಂದು ನೆನಪಿನಿಂದ ಬರೀ ಕಪ್ಪು, ಬೂದು, ಬಿಳಿಯ ಭಾಗಗಳನ್ನು ಗುರುತು ಹಾಕಿಕೊಳ್ಳುತ್ತಿದ್ದೆ, ಮತ್ತೆ ಹೋಗಿ ತಾಳೆ ನೋಡುತ್ತಿದ್ದೆ. ತರಗತಿಯಷ್ಟೇ ಕಲಿಸಿತು ಆ ಓಡಾಟ.

ಸಾಮಗ್ರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ದುಬಾರಿ ಕಾಗದದ ಮುಂದೆ ಕೈ ಹೆದರುತ್ತದೆ. ಸ್ಕೆಚ್ಚಿಗೆ ಸಾದಾ ಹಾಳೆ, 2ಬಿ, 6ಬಿ ಪೆನ್ಸಿಲು ಸಾಕು. ಜಲವರ್ಣಕ್ಕೆ ಮಾತ್ರ 300 ಜಿಎಸ್ಎಂ ಕಾಗದಕ್ಕೆ ದುಡ್ಡು ಕೂಡಿಡಿ; ತೆಳು ಹಾಳೆ ನೀರಿಗೆ ಸೊಟ್ಟಗಾಗಿ ಕಲಿಯುವವರ ಶ್ರಮವನ್ನೆಲ್ಲ ಹಾಳುಮಾಡುತ್ತದೆ.

ಚಿತ್ರದ ಹುಚ್ಚಿರುವ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಅವರನ್ನು ಊರಿನ ಸಂತೆಗೆ, ಬಸ್ ಸ್ಟ್ಯಾಂಡಿಗೆ ಕರೆದೊಯ್ದು ಒಂದು ಮೂಲೆಯಲ್ಲಿ ಕೂರಿಸಿ. ಸ್ಪರ್ಧೆಯ ಬಹುಮಾನಕ್ಕೆ ಅವಸರ ಮಾಡಬೇಡಿ. ಅರ್ಧಕ್ಕೆ ನಿಂತ ಚಿತ್ರಗಳನ್ನು ಹರಿದು ಹಾಕಲು ಬಿಡದೆ, ತಾರೀಖು ಹಾಕಿಸಿ ಜೋಪಾನವಾಗಿ ಎತ್ತಿಡಿ.