ಪಕ್ಕದ ಚಕ್ರ ಜೋಡಿಸುವ ಮುನ್ನ

ಕಾಲಿನಲ್ಲಿ ಬಲ ಕಡಿಮೆಯಿರುವ ತಮ್ಮನಿಗೋ ಅಕ್ಕನಿಗೋ ಸ್ಕೂಟರ್‌ಗೆ ಹೆಚ್ಚುವರಿ ಚಕ್ರ ಹಾಕಿಸಬೇಕೆಂದಿದ್ದೀರಾ? ಖಂಡಿತ ಹಾಕಿಸಿ. ಆದರೆ ಮಾಲೂರಿನ ವೆಲ್ಡಿಂಗ್ ಅಂಗಡಿಗೆ ಹೋಗುವ ಮೊದಲು ಒಮ್ಮೆ ಆರ್‌ಟಿಒ ಕಚೇರಿಗೆ ಹೋಗಿ ಬನ್ನಿ. ಅಂಗವಿಕಲರಿಗಾಗಿ ವಾಹನ ಮಾರ್ಪಡಿಸಿ, ಆಮೇಲೆ ಒಪ್ಪಿಗೆ ಪಡೆಯಲು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂನಲ್ಲಿ ಅವಕಾಶವಿದೆ. ಷರತ್ತುಗಳನ್ನು ಮೊದಲೇ ಕೇಳಿಕೊಂಡರೆ ಎರಡೆರಡು ಸಲ ಕಬ್ಬಿಣ ಕತ್ತರಿಸುವ ಖರ್ಚು ಉಳಿಯುತ್ತದೆ. ಬದಲಾವಣೆ ಆರ್‌ಸಿಯಲ್ಲಿ ನಮೂದಾಗಲೇಬೇಕು.

ಓಡಿಸುವವರನ್ನೇ ಕೂರಿಸಿ ಅಳತೆ ತೆಗೆಸಿ. ಎರಡೂ ಬ್ರೇಕ್ ಕೈಗೆ ಸಿಗಬೇಕು, ಊರುಗೋಲಿಗೆ ಜಾಗವಿರಬೇಕು. ಇಂಥ ಗಾಡಿ ತಿರುವಿನಲ್ಲಿ ವಾಲುವುದಿಲ್ಲ. ವೇಗ ಹೆಚ್ಚಿದ್ದರೆ ಹೊರಕ್ಕೆ ಮಗುಚಬಹುದು. ಮೊದಲು ಎರಡು ಚಕ್ರದ ಗಾಡಿ ಓಡಿಸಿದವರಿಗೇ ಇಲ್ಲಿ ಅಪಾಯ ಹೆಚ್ಚು, ಮೈ ಹಳೆಯ ಅಭ್ಯಾಸವನ್ನು ಬಿಡುವುದಿಲ್ಲ. ಮುಳಬಾಗಿಲಿನ ಹೆದ್ದಾರಿಗೆ ಇಳಿಯುವ ಮುನ್ನ ಖಾಲಿ ಮೈದಾನದಲ್ಲಿ ರೂಢಿಯಾಗಲಿ. ಮಾವಿನ ಸುಗ್ಗಿಯಲ್ಲಿ ಶ್ರೀನಿವಾಸಪುರದ ಮಂಡಿಯತ್ತ ಹೋಗುವವರಾದರೆ ಹಿಂದಕ್ಕೆ ಚಲಿಸುವ ವ್ಯವಸ್ಥೆಯನ್ನೂ ಮಾಡಿಸಿ. ಲಾರಿಗಳ ನಡುವೆ ಸಿಕ್ಕಿದಾಗ ಕಾಲೂರಿ ಗಾಡಿ ತಳ್ಳಲು ಅವರಿಗಾಗದು.

ಕೈಯಿಂದ ಹಣ ಹಾಕುವ ಮೊದಲು ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಿ. ಅರ್ಹ ವಿಕಲಚೇತನರಿಗೆ ಯಂತ್ರಚಾಲಿತ ದ್ವಿಚಕ್ರ ವಾಹನ ಕೊಡುವ ಯೋಜನೆ ರಾಜ್ಯ ಸರ್ಕಾರದ್ದೇ ಇದೆ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಜೊತೆಗಿಟ್ಟುಕೊಂಡೇ ಹೋಗಿ.