ಬಿಡುವಿನ ಇಪ್ಪತ್ತು ನಿಮಿಷ: ಹಕ್ಕಿ ನೋಡಲು ಕಲಿಯುವುದು ಹೇಗೆ?

ಕೆಲಸ ಮುಗಿದು ಒಂದಿಷ್ಟು ಬಿಡುವು ಸಿಕ್ಕರೆ ಕೈ ತಾನಾಗಿ ಮೊಬೈಲಿನತ್ತ ಹೋಗುತ್ತದೆ. ಅರ್ಧ ಗಂಟೆ ಕಳೆದ ಮೇಲೆ ಏನು ನೋಡಿದಿರಿ ಎಂದು ಯಾರಾದರೂ ಕೇಳಿದರೆ ಹೇಳಲು ಬಾರದು, ದಣಿವೂ ಆರಿರುವುದಿಲ್ಲ. ಬಿಡುವು ಮನಸ್ಸಿಗೆ ಹಿತ ಕೊಡಬೇಕಾದರೆ ಗಮನವಿಟ್ಟು ನೋಡುವಂಥ, ನೋಡಿದಷ್ಟೂ ಬೆಳೆಯುವಂಥ ವಿಷಯವೊಂದು ಬೇಕು. ಹಕ್ಕಿ ನೋಡುವ ಹವ್ಯಾಸ ಅಂಥದ್ದು. ಅದಕ್ಕೆ ಖರ್ಚಿಲ್ಲ, ವಯಸ್ಸಿನ ಕಟ್ಟಿಲ್ಲ. ಹಳ್ಳಿಯ ಹಿತ್ತಲಲ್ಲೂ ಬೆಂಗಳೂರಿನ ಬಾಲ್ಕನಿಯಲ್ಲೂ ಶುರು ಮಾಡಬಹುದು.

ಹಂತ 1: ಹೊತ್ತು, ಜಾಗ ಗೊತ್ತು ಮಾಡಿಕೊಳ್ಳಿ

ಸೂರ್ಯ ಹುಟ್ಟಿದ ನಂತರದ ಒಂದೆರಡು ಗಂಟೆ ಹಕ್ಕಿಗಳಿಗೆ ಚುರುಕಿನ ಹೊತ್ತು. ಬೆಳಿಗ್ಗೆ ಆಗದವರಿಗೆ ಸಂಜೆ ಐದರ ನಂತರವೂ ಆದೀತು. ಮಾಳಿಗೆ, ಹಿತ್ತಲು, ಪಾರ್ಕು, ಕೆರೆ ಏರಿ, ಎಲ್ಲಾದರೂ ಸರಿ. ಆದರೆ ಜಾಗ ಒಂದೇ ಇರಲಿ. ಒಂದೇ ಜಾಗವನ್ನು ಮತ್ತೆ ಮತ್ತೆ ನೋಡಿದಾಗಲೇ ಯಾರು ಅಲ್ಲಿನ ಕಾಯಂ ನಿವಾಸಿ, ಯಾರು ಅತಿಥಿ ಎಂಬುದು ತಿಳಿಯುತ್ತದೆ. ಇಪ್ಪತ್ತು ನಿಮಿಷ ಮೊಬೈಲನ್ನು ಸೈಲೆಂಟ್ ಮಾಡಿ ಜೇಬಿನಲ್ಲಿಡಿ.

ಹಂತ 2: ಕಾಗೆಯಿಂದ ಆರಂಭಿಸಿ

ಅಪರೂಪದ ಹಕ್ಕಿ ಹುಡುಕಬೇಡಿ. ಕಾಗೆಯನ್ನೇ ನೋಡಿ. ಕುತ್ತಿಗೆ ಬೂದು ಬಣ್ಣದ್ದಾದರೆ ಅದು ಊರ ಕಾಗೆ; ಮೈಯೆಲ್ಲ ಕಪ್ಪು, ಕೊಕ್ಕು ದಪ್ಪ ಇದ್ದರೆ ಕಾಡು ಕಾಗೆ. ಇನ್ನು ಕಪ್ಪಾದದ್ದೆಲ್ಲ ಕಾಗೆಯಲ್ಲ. ತಂತಿಯ ಮೇಲೆ ಕೂತು, ಹಾರಿ ಹುಳು ಹಿಡಿದು, ಮತ್ತೆ ಅಲ್ಲಿಗೇ ಮರಳುವ, ಬಾಲದ ತುದಿ ಕವಲೊಡೆದ ಹಕ್ಕಿ ಕಾಜಾಣ. ಗಾತ್ರದಲ್ಲಿ ಚಿಕ್ಕದಾದರೂ ಕಾಗೆ, ಹದ್ದುಗಳನ್ನು ಅಟ್ಟಿಸಿಕೊಂಡು ಹೋಗುವ ಧೈರ್ಯ ಅದಕ್ಕಿದೆ. ಎಲೆಗಳ ಮರೆಯಲ್ಲಿ ಕೂತ, ಕೆಂಪು ಕಣ್ಣಿನ, ಉದ್ದ ಬಾಲದ ಕಪ್ಪು ಹಕ್ಕಿ ಗಂಡು ಕೋಗಿಲೆ. ‘ಕುಹೂ’ ಎಂದು ಕೂಗುವುದು ಅದೇ. ಹೆಣ್ಣು ಕಪ್ಪಲ್ಲ, ಕಂದು ಮೈಮೇಲೆ ಬಿಳಿ ಚುಕ್ಕಿ. ಅದು ಮೊಟ್ಟೆಯಿಡುವುದು ಹೆಚ್ಚಾಗಿ ಕಾಗೆಯ ಗೂಡಿನಲ್ಲಿ. ಈ ಮೂರನ್ನು ಬೇರೆ ಬೇರೆಯಾಗಿ ಗುರುತಿಸಿದ ದಿನ ನಿಮ್ಮ ಕಣ್ಣು ಪಳಗತೊಡಗಿತೆಂದೇ ಅರ್ಥ.

ಹಂತ 3: ಬಣ್ಣಕ್ಕಿಂತ ಮೊದಲು ಇವನ್ನು ನೋಡಿ

ಬಿಸಿಲು, ನೆರಳಿಗೆ ತಕ್ಕಂತೆ ಬಣ್ಣ ಬೇರೆಯಾಗಿ ಕಾಣುತ್ತದೆ. ಆದ್ದರಿಂದ ಈ ಕ್ರಮ ಅನುಸರಿಸಿ:

- ಗಾತ್ರ: ಗುಬ್ಬಿಯಷ್ಟೋ, ಮೈನಾದಷ್ಟೋ, ಕಾಗೆಯಷ್ಟೋ?
- ಕೊಕ್ಕು: ಕಾಳು ಒಡೆಯುವ ಗಿಡ್ಡ ಕೊಕ್ಕೋ, ಸೂರಕ್ಕಿಯಂತೆ ಮಕರಂದ ಹೀರುವ ಬಾಗಿದ ಕೊಕ್ಕೋ?
- ತಲೆ, ಬಾಲ: ಪಿಕಳಾರಕ್ಕಿರುವಂತೆ ಜುಟ್ಟಿದೆಯೇ? ಬಾಲ ಮೇಲೆತ್ತುತ್ತದೆಯೇ?
- ನಡವಳಿಕೆ: ನಡೆಯುತ್ತದೋ, ಕುಪ್ಪಳಿಸುತ್ತದೋ? ಒಂಟಿಯೋ, ಗುಂಪೋ?

ಹಂತ 4: ಪುಟ್ಟ ನೋಟ್‌ಬುಕ್ ಇಡಿ

ದಿನಾಂಕ, ಸಮಯ, ಜಾಗ, ಕಂಡ ಹಕ್ಕಿ, ಅದು ಮಾಡುತ್ತಿದ್ದ ಕೆಲಸ. ಇಷ್ಟು ಬರೆದರೆ ಸಾಕು. ಹೆಸರು ಗೊತ್ತಾಗದಿದ್ದರೆ ಲಕ್ಷಣ ಬರೆದು, ಬಂದಂತೆ ಒಂದು ಚಿತ್ರ ಗೀಚಿ. ವರ್ಷ ಕಳೆಯುವಷ್ಟರಲ್ಲಿ ಈ ಪುಸ್ತಕ ನಿಮ್ಮ ಬೀದಿಯ ಪಂಚಾಂಗವಾಗುತ್ತದೆ. ಬಾಲ ಕುಣಿಸುವ ಬೂದು ಸಿಪಿಲೆ ಉತ್ತರದಿಂದ ಬಂದಿತೆಂದರೆ ಚಳಿಗಾಲ ಹತ್ತಿರ ಬಂತೆಂಬುದು ಕ್ಯಾಲೆಂಡರ್ ನೋಡದೆಯೇ ತಿಳಿಯುತ್ತದೆ.

ಹಂತ 5: ಹೆಸರು ಪತ್ತೆ ಮಾಡಿ

ಮೊದಲು ನೋಡಿ, ಬರೆಯಿರಿ. ಆಮೇಲೆ ಪುಸ್ತಕ ತೆರೆಯಿರಿ. ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಕನ್ನಡದಲ್ಲೇ ಪರಿಚಯ ಮಾಡಿಕೊಡುತ್ತದೆ. ಇಂಗ್ಲಿಷ್ ಓದುವವರಿಗೆ ಸಲೀಂ ಅಲಿಯವರು 1941ರಲ್ಲಿ ಹೊರತಂದ ಭಾರತೀಯ ಹಕ್ಕಿಗಳ ಪುಸ್ತಕವಿದೆ. ಮರ್ಲಿನ್ ಎಂಬ ಉಚಿತ ಆ್ಯಪ್ ಕೂಗು ಕೇಳಿಯೂ ಹೆಸರು ಸೂಚಿಸುತ್ತದೆ. ಅದು ಹೇಳಿದ್ದನ್ನು ಕಣ್ಣಾರೆ ನೋಡಿ ಖಚಿತಪಡಿಸಿಕೊಂಡ ಮೇಲೆಯೇ ಬರೆದುಕೊಳ್ಳಿ.

ಹಂತ 6: ಬೈನಾಕ್ಯುಲರ್‌ಗೆ ಅವಸರ ಬೇಡ

ಒಂದೆರಡು ತಿಂಗಳಾದ ಮೇಲೂ ಆಸಕ್ತಿ ಉಳಿದಿದ್ದರೆ 8x42 ಅಳತೆಯದ್ದನ್ನು ಕೊಳ್ಳಿ. 8 ಎಂದರೆ ಎಂಟು ಪಟ್ಟು ಹತ್ತಿರ ಕಾಣುತ್ತದೆ ಎಂದು. 42 ಎಂಬುದು ಮುಂದಿನ ಮಸೂರದ ಅಗಲ, ಮಿಲಿಮೀಟರ್‌ಗಳಲ್ಲಿ. ಹಕ್ಕಿಯಿಂದ ಕಣ್ಣು ಕೀಳದೆ ಬೈನಾಕ್ಯುಲರನ್ನು ಕಣ್ಣಿಗೆ ತರುವುದನ್ನು ಅಭ್ಯಾಸ ಮಾಡಿ.

ಹಂತ 7: ಮನೆಯವರೊಂದಿಗೆ ಹೊರಡಿ

ರಜೆಯಲ್ಲಿ ಹತ್ತಿರದ ಕೆರೆಗೆ ಹೋಗಿ. ಒಮ್ಮೆ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು ನೋಡಿ. 1940ರಲ್ಲಿ ಅದು ಪಕ್ಷಿಧಾಮವಾದದ್ದು ಸಲೀಂ ಅಲಿಯವರ ಸಲಹೆಯಿಂದ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ, ಊರವರೇ ಅವನ್ನು ಕಾಯುತ್ತಾರೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ.

ಎಲ್ಲಿ ಹೋದರೂ ಗೂಡಿನ ಹತ್ತಿರ ಸುಳಿಯಬೇಡಿ. ಹಕ್ಕಿಯನ್ನು ಕರೆಯಲು ಅದರ ಕೂಗಿನ ರೆಕಾರ್ಡಿಂಗ್ ಹಾಕಬೇಡಿ. ನಮ್ಮ ಸಂತೋಷ ಅವುಗಳ ಸಂಸಾರಕ್ಕೆ ತೊಂದರೆಯಾಗಬಾರದು.

ಅಜ್ಜಿಯನ್ನು ಕೇಳಿದರೆ ಹಕ್ಕಿಗಳಿಗೆ ನಿಮ್ಮೂರಿನಲ್ಲೇ ಇದ್ದ ಹೆಸರುಗಳು ಸಿಕ್ಕಾವು. ಮಕ್ಕಳನ್ನು ಜೊತೆಗೆ ಕರೆದುಕೊಂಡರೆ ನಿಮಗಿಂತ ಮೊದಲೇ ಅವರು ಹಕ್ಕಿಯನ್ನು ಕಂಡುಹಿಡಿಯುತ್ತಾರೆ. ಒಬ್ಬರೇ ನೋಡಿದಾಗ ಸಿಗುವ ನೆಮ್ಮದಿ ಹೀಗೆ ಮನೆಮಂದಿಯ ಮಾತಾಗುತ್ತದೆ. ನಾಳೆ ಬೆಳಿಗ್ಗೆ ಇಪ್ಪತ್ತು ನಿಮಿಷ ಎತ್ತಿಡಿ. ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ ಕಾಗೆ ಎಂದು ಬರೆದು, ಅದು ಊರ ಕಾಗೆಯೋ ಕಾಡು ಕಾಗೆಯೋ ನೋಡಿ ಸೇರಿಸಿ.