ಗಣಕಯಂತ್ರದ ಹಳೆಯ ವ್ಯವಸ್ಥೆ: ಬದಲಾಯಿಸುವುದು ಯಾವಾಗ?



ಅಡಿಕೆ ಮರಗಳು ಮುದಿಯಾದವೆಂದು ನಾವು ಇಡೀ ತೋಟವನ್ನು ಒಂದೇ ದಿನ ಕಡಿಯುವುದಿಲ್ಲ. ನಡುವೆ ಸಸಿ ಇಟ್ಟು, ಅವು ಫಲಕ್ಕೆ ಬರುವವರೆಗೆ ಹಳೆಯ ಮರಗಳ ಫಸಲನ್ನೂ ಪಡೆಯುತ್ತೇವೆ. ಲೆಕ್ಕ ಬರೆಯುವ ಗಣಕಯಂತ್ರದ ವಿಷಯದಲ್ಲೂ ಇದೇ ಕ್ರಮ ಲೇಸು.

ಗಣಕಯಂತ್ರವನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಎನ್ನುತ್ತಾರೆ. 2015ರಲ್ಲಿ ಬಂದ ವಿಂಡೋಸ್ 10ರ ಸಾಮಾನ್ಯ ದುರಸ್ತಿ ಸೇವೆಯನ್ನು ಮೈಕ್ರೋಸಾಫ್ಟ್ ಕಂಪನಿ 2025ರ ಅಕ್ಟೋಬರ್ 14ಕ್ಕೆ ಕೊನೆಗೊಳಿಸಿತು. ಮರುದಿನವೂ ಯಂತ್ರಗಳು ಎಂದಿನಂತೆ ನಡೆದವು. ನಾವು ಮೋಸ ಹೋಗುವುದು ಇಲ್ಲಿಯೇ. ಬೇಲಿ ನಿಂತಿದೆ, ಆದರೆ ಹೊಸದಾಗಿ ಬೀಳುವ ಕಂಡಿಗಳನ್ನು ಮುಚ್ಚುವವರಿಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಪಿಡುಗು ಅನೇಕ ದೇಶಗಳಲ್ಲಿ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳೂ ಕಂಗೆಟ್ಟವು. ಅದನ್ನು ತಡೆಯುವ ದುರಸ್ತಿ ಮಾರ್ಚಿಯಲ್ಲೇ ಬಂದಿತ್ತು. ಅದನ್ನು ಹಾಕಿಕೊಳ್ಳದ ಯಂತ್ರಗಳು ಸಿಕ್ಕಿಬಿದ್ದವು. ದುರಸ್ತಿಯೇ ಬಾರದ ಯಂತ್ರದ ಪಾಡನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬದಲಾಯಿಸುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು.

1. ಯಂತ್ರ ಹೊಸದನ್ನು ತಾಳಬಲ್ಲುದೆ? ವಿಂಡೋಸ್ 11ಕ್ಕೆ ಕನಿಷ್ಠ 4 ಜಿ.ಬಿ. ರ‍್ಯಾಮ್, 64 ಜಿ.ಬಿ. ಜಾಗ ಹಾಗೂ ಟಿ.ಪಿ.ಎಂ. 2.0 ಎಂಬ ಭದ್ರತಾ ಸೌಲಭ್ಯ ಬೇಕು. ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಿಂದಿನ ಯಂತ್ರಗಳಲ್ಲಿ ಬಹುಪಾಲು ಇದಕ್ಕೆ ಸಲ್ಲುವುದಿಲ್ಲ. ಅಂಥವುಗಳಲ್ಲಿ ಅನೇಕಕ್ಕೆ ಬೆಲೆಯಿಲ್ಲದೆ ದೊರೆಯುವ ಲಿನಕ್ಸ್ ಹಾಕಬಹುದು. ಇದು ಕಷ್ಟವೆಂಬ ಭಯ ಬೇಡ. ಕಾಸರಗೋಡಿನ ಕನ್ನಡ ಮಕ್ಕಳು ಕೇರಳದ ಶಾಲೆಗಳಲ್ಲಿ ಬಹುಕಾಲದಿಂದ ಲಿನಕ್ಸಿನಲ್ಲಿಯೇ ಕಲಿಯುತ್ತಿದ್ದಾರೆ.

2. ನಮ್ಮ ಕೆಲಸದ ತಂತ್ರಾಂಶ ಜೊತೆಗೆ ಬರುವುದೆ? ಟ್ಯಾಲಿಯಂಥವು ವಿಂಡೋಸಿಗಾಗಿ ರೂಪಿಸಿದವು. ಅವನ್ನು ನೆಚ್ಚಿದವರು ವಿಂಡೋಸಿನಲ್ಲೇ ಮುಂದುವರಿಯುವುದು ಕ್ಷೇಮ. ಪತ್ರ ಬರೆಯಲು, ಧಾರಣೆ ನೋಡಲು ಮಾತ್ರ ಬಳಸುವವರಿಗೆ ಲಿನಕ್ಸ್ ಸಾಕು.

3. ಹಳೆಯ ಕಡತಗಳು ಓದಲು ಬರುವುವೆ? ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರಗಳಲ್ಲಿ ಬರೆದ ಸದಸ್ಯರ ಪಟ್ಟಿಯನ್ನು ಆ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ತೆರೆದರೆ ಹೆಸರುಗಳ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಹಳೆಯ ಯಂತ್ರ ನಡೆಯುತ್ತಿರುವಾಗಲೇ ಅವನ್ನು ಯೂನಿಕೋಡಿಗೆ ಪರಿವರ್ತಿಸಬೇಕು. ನುಡಿಯ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲೂ ದೊರೆಯುವುದರಿಂದ ಬೆರಳಿನ ಅಭ್ಯಾಸ ಕೆಡದು.

ಇನ್ನು ಕಾಲದ ಮಾತು. ಜಯನಗರ, ಬನಶಂಕರಿಗಳಲ್ಲಿ ನೆಲೆಸಿದ ನಮ್ಮ ಮಕ್ಕಳು ಹಬ್ಬಕ್ಕೆ ಬಂದಾಗ ಒಂದೇ ರಾತ್ರಿಯಲ್ಲಿ ಎಲ್ಲವನ್ನೂ ಬದಲಾಯಿಸಿ ಹೋಗುವುದುಂಟು. ಅವರು ಬಸ್ಸು ಹತ್ತಿದ ಮೇಲೆ ಪ್ರಿಂಟರು ಮುಷ್ಕರ ಹೂಡುತ್ತದೆ! ಕಾಫಿ ಕೊಯ್ಲಿನ ಗಡಿಬಿಡಿಯಲ್ಲೂ ಮಾರ್ಚಿಯ ಲೆಕ್ಕ ಮುಗಿಸುವಾಗಲೂ ಈ ಕೆಲಸ ಬೇಡ. ಮಳೆಗಾಲದ ಬಿಡುವು ಪ್ರಶಸ್ತ. ಕಡತಗಳ ಎರಡು ಪ್ರತಿಗಳನ್ನು ಬೇರೆ ಬೇರೆ ಕಡೆ ಇರಿಸಿ, ಒಂದನ್ನು ತೆರೆದು ಪರೀಕ್ಷಿಸಿರಿ. ಒಂದು ತಿಂಗಳ ಲೆಕ್ಕವನ್ನು ಎರಡರಲ್ಲೂ ಬರೆದು ತಾಳೆ ನೋಡಿರಿ. ತಾಳೆಯಾದ ಮೇಲಷ್ಟೇ ಹಳೆಯದನ್ನು ಬಿಡಿರಿ.

ಕೂಡಲೇ ಬದಲಾಯಿಸಲಾಗದವರು ಅಲ್ಲಿಯವರೆಗೆ ಆ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರವನ್ನಾದರೂ ನಿಲ್ಲಿಸಬೇಕೆಂದು ನಮ್ಮ ವಿನಂತಿ.